ನನ್ನ ಇನಿಷಿಯಲ್ಲು ಜೆ.ಪಿ.ಜಿ.

ಯಾರ ಮನೆಯ ಕಂಪ್ಯೂಟರಿನ ಮುಂದೆ ಕೂತರೂ ನನಗೊಂದು ಚಾಳಿ. ಕೆಲವರು ನೆಂಟರ ಮನೆಗೆ ಹೋದ ಕೂಡಲೇ ಗೋಡೆಯಲ್ಲಿ ಓರೆಯಾಗಿರುವ ಕ್ಯಾಲೆಂಡರನ್ನು ನೆಟ್ಟಗೆ ಮಾಡುತ್ತಾರಲ್ಲ, ಹಾಗೆ. ಹೇಳಿದ ಕೆಲಸ ಆಮೇಲೆ. ಮೊದಲು ಫೋಲ್ಡರಿನ ಆಯ್ಕೆಗಳೊಳಗೆ ನುಗ್ಗಿ, ಫೈಲುಗಳ ಎಕ್ಸ್‌ಟೆನ್ಷನ್ನು ಅಡಗಿಸಿಡು ಎನ್ನುವ ಸಾಲನ್ನು ಹುಡುಕಿ, ಅದರ ಮುಂದಿನ ಪುಟ್ಟ ಚೌಕದಲ್ಲಿರುವ ಸರಿ ಗುರುತನ್ನು ತೆಗೆದುಬಿಡುತ್ತೇನೆ. ಅಷ್ಟು ಹೊತ್ತೂ ಗಂಭೀರವಾಗಿ ಕೂತಿದ್ದ ಫೈಲುಗಳೆಲ್ಲ ತಟಕ್ಕನೆ ಬಾಲ ತೋರಿಸುತ್ತವೆ. ನನಗೆ ಸಮಾಧಾನ, ಮನೆಯವರಿಗೆ ಗಾಬರಿ. ಮೊನ್ನೆ ಗೆಳತಿಯೊಬ್ಬಳು, ಅಷ್ಟು ನೀಟಾಗಿತ್ತಲ್ಲೇ, ಎಲ್ಲ ಹೆಸರಿಗೂ ಇದೇನು ಅಂಟಿಸಿಬಿಟ್ಟೆ ಎಂದು ಬೈದಳು. ಬೈಸಿಕೊಂಡೆನೇ ಹೊರತು ಮತ್ತೆ ಮುಚ್ಚಲಿಲ್ಲ.

ಬಾಲ ಎಂದರೆ ಏನೆಂದು ಗೊತ್ತಿಲ್ಲದವರು ಬೇಸರ ಮಾಡಿಕೊಳ್ಳಬೇಡಿ, ನನಗೂ ಒಂದು ಕಾಲದಲ್ಲಿ ಗೊತ್ತಿರಲಿಲ್ಲ. ಕಂಪ್ಯೂಟರಿನಲ್ಲಿ ಪ್ರತಿ ಫೈಲಿಗೂ ಒಂದು ಹೆಸರಿರುತ್ತದೆ. ಹೆಸರು ಮುಗಿದ ಮೇಲೆ ಒಂದು ಚುಕ್ಕಿ. ಚುಕ್ಕಿಯ ಆಚೆ ಮೂರೋ ನಾಲ್ಕೋ ಇಂಗ್ಲಿಷ್ ಅಕ್ಷರ. ಅದು ಪತ್ರವೋ, ಪಟವೋ, ಹಾಡೋ ಎಂದು ಕಂಪ್ಯೂಟರಿಗೆ ಗೊತ್ತಾಗುವುದು ಆ ಅಕ್ಷರಗಳಿಂದ. ಆದರೆ ಕಂಪ್ಯೂಟರು ಮಾಡಿದವರು ನಮ್ಮ ಮೇಲೆ ಕರುಣೆ ತೋರಿಸಿ ಅದನ್ನು ಕಾಣದ ಹಾಗೆ ಮುಚ್ಚಿಟ್ಟಿರುತ್ತಾರೆ. ಸೀರೆಯ ಒಳಗಿನ ಫಾಲ್ಸ್ ಇದ್ದಂತೆ, ಇದೆ, ಕಾಣುವುದಿಲ್ಲ.

ಇದನ್ನು ನನಗೆ ಮೊದಲು ಹೇಳಿಕೊಟ್ಟವಳು ನಸ್ರೀನ್. ಗುಂಡ್ಲುಪೇಟೆಯಲ್ಲಿ ನನ್ನ ಜೊತೆ ಹೈಸ್ಕೂಲು ಓದಿದವಳು. ಎರಡು ಸಾವಿರದ ಇಸವಿ ದಾಟಿದ ಹೊಸತು. ಅವಳು ಮೈಸೂರಿಗೆ ಹೋಗಿ ಕಂಪ್ಯೂಟರು ಕಲಿತು ಬಂದು, ತನ್ನ ತಂದೆಯ ಬಳೆ ಅಂಗಡಿಯ ಮೇಲಿನ ಕೋಣೆಯಲ್ಲಿ ಕ್ಲಾಸು ಶುರು ಮಾಡಿದ್ದಳು. ಕೆಳಗಿನಿಂದ ಬಳೆಯ ಕಿಣಿಕಿಣಿ, ಮೇಲಿನಿಂದ ಕೀಬೋರ್ಡಿನ ಕಟಕಟ, ಹೊರಗೆ ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗುವ ಲಾರಿಗಳ ಹಾರನ್ನು. ನಸ್ರೀನ್ ಮನೆಯವರೊಂದಿಗೆ ಉರ್ದು, ಲಾರಿಯವರೊಂದಿಗೆ ಚೌಕಾಸಿಗೆ ಸಾಕಾಗುವಷ್ಟು ಮಲಯಾಳ, ನನ್ನೊಂದಿಗೆ ಅಪ್ಪಟ ಗುಂಡ್ಲುಪೇಟೆ ಕನ್ನಡ ಆಡುತ್ತಿದ್ದಳು. ನಾನಾಗ ಒಂದು ಖಾಸಗಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಮೇಡಮ್ಮು. ಸಂಜೆ ಅವಳ ಕ್ಲಾಸಿಗೆ ಹೋಗಿ ನಾನೇ ಚಿಕ್ಕ ಮಗು.

ಅವಳ ಮೊದಲನೆಯ ಪಾಠ ಇದು. “ಹೆಸ್ರು ನೋಡ್ಬುಟ್ಟು ನಂಬ್ಬೇಡ ಕಣಮ್ಮಿ, ಬಾಲ ನೋಡು. ಹೆಸ್ರು ಯಾರ್ ಬೇಕಾದ್ರೂ ಏನ್ ಬೇಕಾದ್ರೂ ಇಟ್ಕೊತಾರೆ.” ಹೂವಿನ ಫೋಟೋ ಎಂದು ಹೆಸರಿಟ್ಟುಕೊಂಡು ಬಂದ ವೈರಸ್ಸೊಂದು ಅವಳ ಕಂಪ್ಯೂಟರನ್ನು ಒಂದು ವಾರ ಮಲಗಿಸಿತ್ತಂತೆ. ಬಾಲ ತೆರೆದಿಟ್ಟಿದ್ದರೆ ಕಳ್ಳ ಅಲ್ಲೇ ಸಿಕ್ಕಿಬೀಳುತ್ತಿದ್ದ ಎಂದು ಹೇಳಿ, ಎಲ್ಲರ ಕೈಯಲ್ಲೂ ಆ ಸರಿ ಗುರುತನ್ನು ತೆಗೆಸಿದಳು. ನಾವು ಒಬ್ಬೊಬ್ಬರೂ ದೀಕ್ಷೆ ತೆಗೆದುಕೊಂಡವರ ಹಾಗೆ ಕ್ಲಿಕ್ ಮಾಡಿದೆವು.

ಬಾಲ ಬಿಚ್ಚಿದ್ದರಿಂದ ಅವಳ ಮನೆಯಲ್ಲಿ ಒಂದು ತಮಾಷೆಯೂ ಆಯಿತು. ನಸ್ರೀನಳ ಅಜ್ಜಿ, ದಾದಿಮಾ ಎಂದು ನಾವೆಲ್ಲ ಕರೆಯುತ್ತಿದ್ದ ಮುದುಕಿ, ಅಕ್ಷರ ಕೂಡಿಸಿ ಓದುವಷ್ಟು ಇಂಗ್ಲಿಷನ್ನು ವಯಸ್ಸಾದ ಮೇಲೆ ಹಟಕ್ಕೆ ಕಲಿತವಳು. ಒಂದು ದಿನ ಮೆಟ್ಟಿಲು ಹತ್ತಿ ಬಂದು, ಪರದೆಯ ಮೇಲೆ ಸಾಲಾಗಿ ನಿಂತಿದ್ದ ಫೈಲುಗಳ ಬಾಲವನ್ನು ಕೂಡಿಸಿ ಓದಿತು. ಡಿ, ಓ, ಸಿ. ಡಾಕ್. ಉರ್ದುವಿನಲ್ಲಿ ಡಾಕ್ ಎಂದರೆ ಅಂಚೆ. ಮುದುಕಿ ಮೊಮ್ಮಗಳ ಮೇಲೆ ಹರಿಹಾಯ್ದಿತು. ಜನ ನಂಬಿ ಕೊಟ್ಟ ಕಾಗದಗಳನ್ನು ಇಷ್ಟೊಂದು ಇಟ್ಟುಕೊಂಡು ಕೂತಿದ್ದೀಯಲ್ಲ, ಪೋಸ್ಟಿಗೆ ಯಾವಾಗ ಹಾಕುತ್ತೀ, ಅಲ್ಲಿ ಯಾರ ಮನೆಯಲ್ಲಿ ಯಾರು ಕಾಯುತ್ತಿದ್ದಾರೋ ಎಂದು. ನಸ್ರೀನ್ ಎಷ್ಟು ವಿವರಿಸಿದರೂ ಕೇಳಲಿಲ್ಲ. ಕೊನೆಗೆ ನಾಳೆಯೇ ಹಾಕುತ್ತೇನೆ ಎಂದು ಮಾತು ಕೊಟ್ಟ ಮೇಲೆ ಇಳಿದು ಹೋಯಿತು. ಆಮೇಲೆ ಎದುರು ಸಿಕ್ಕಾಗಲೆಲ್ಲ ನನ್ನನ್ನು ಗುಟ್ಟಾಗಿ ಕೇಳುತ್ತಿತ್ತು, ಹಾಕಿದಳಾ ಎಂದು.

ನನಗಂತೂ ಬಾಲಗಳೆಲ್ಲ ನಮ್ಮ ನೆಂಟರ ಹಾಗೇ ಕಾಣತೊಡಗಿದವು. ಟಿ.ಎಕ್ಸ್.ಟಿ. ಎಂದರೆ ಬಣ್ಣವಿಲ್ಲ, ಬೆಡಗಿಲ್ಲ, ಎಲ್ಲಿಗೆ ಕರೆದರೂ ಬರುವ ಸಾಧು ಚಿಕ್ಕಮ್ಮ. ಇ.ಎಕ್ಸ್.ಇ. ಮುಟ್ಟಿದರೆ ಸಾಕು, ಏನಾದರೊಂದು ಶುರು ಮಾಡಿಬಿಡುವ ದೊಡ್ಡಪ್ಪ. ಟಿ.ಎಂ.ಪಿ. ಎಂದರೆ ಎರಡು ದಿನಕ್ಕೆಂದು ಬಂದು ಹೊರಡುವ ಮಾತೇ ಎತ್ತದವರು. ಬಿ.ಎಂ.ಪಿ. ಎಂಬುದೊಂದು ದಢೂತಿ, ಒಂದೇ ಒಂದು ಪಟ, ಆದರೂ ಆಗ ಫೈಲು ಸಾಗಿಸಲು ಇದ್ದ ಅಂಗೈಯಗಲದ ಫ್ಲಾಪಿಯೊಳಗೆ ಹಿಡಿಯುವುದಿಲ್ಲ. ಅದನ್ನೇ ಜೆ.ಪಿ.ಜಿ. ಮಾಡಿದರೆ ತೆಳ್ಳಗಾಗಿ ಒಂದು ಮೂಲೆಯಲ್ಲಿ ಕೂರುತ್ತದೆ. ಈ ಜೆ.ಪಿ.ಜಿ. ಮೇಲೆ ಕಣ್ಣಿಟ್ಟಿರಿ. ನನ್ನ ಕಥೆ ಇರುವುದೇ ಅದರಲ್ಲಿ.

ಅದಕ್ಕೂ ಮುಂಚೆ ಇನಿಷಿಯಲ್ಲಿನ ವಿಷಯ ಹೇಳಬೇಕು. ನಮ್ಮ ಸೀಮೆಯಲ್ಲಿ ಯಾವ ತರಗತಿಗೆ ಹೋಗಿ ಮಹದೇವಸ್ವಾಮಿ ಎಂದು ಕೂಗಿದರೂ ಬೆಂಚಿಗೊಬ್ಬರು ಏಳುತ್ತಾರೆ. ಅವರನ್ನೆಲ್ಲ ಬೇರೆ ಬೇರೆ ಮಾಡುವುದು ಹೆಸರಲ್ಲ, ಇನಿಷಿಯಲ್ಲು. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ. ನಾನು ಎಚ್. ಎಸ್. ಗಿರಿಜಾ. ಎಚ್ ಎಂದರೆ ಹಂಗಳ, ಬಂಡೀಪುರದ ದಾರಿಯಲ್ಲಿರುವ ನಮ್ಮ ಊರು. ಎಸ್ ಎಂದರೆ ಸಿದ್ದಪ್ಪ, ನಮ್ಮ ಅಪ್ಪ. ನಾವು ಗುಂಡ್ಲುಪೇಟೆಗೆ ಬಂದು ಎಷ್ಟು ವರ್ಷವಾದರೂ ಹಂಗಳ ಮಾತ್ರ ನಮ್ಮ ಹೆಸರಿನ ಮುಂದೆ ಕಾವಲು ಕೂತಿತ್ತು.

ನನ್ನ ಬಾಲ್ಯವೆಲ್ಲ ಈ ಎರಡು ಅಕ್ಷರಗಳ ನೆರಳಲ್ಲೇ ಕಳೆಯಿತು ಎನ್ನಬೇಕು. ಸ್ಲೇಟಿನ ಮರದ ಚೌಕಟ್ಟಿಗೆ ಅಪ್ಪ ಕಾದ ಕಬ್ಬಿಣದ ಕಡ್ಡಿಯಲ್ಲಿ ಎಚ್. ಎಸ್. ಎಂದು ಸುಟ್ಟು ಬರೆದುಕೊಡುತ್ತಿದ್ದರು. ಆ ಸುಟ್ಟ ಮರದ ವಾಸನೆ ನನಗೆ ಇವತ್ತಿಗೂ ಜೂನ್ ತಿಂಗಳ ವಾಸನೆ. ಹೊಸ ಪಾತ್ರೆ ತಂದರೆ ಅಂಗಡಿಯಲ್ಲೇ ಕೂತು, ಗರ್ ಎನ್ನುವ ಸೂಜಿಯಲ್ಲಿ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸಬೇಕು. ಲೋಟಕ್ಕೆ ಜಾಗ ಸಾಲದಿದ್ದರೆ ಹೆಸರು ಬಿಟ್ಟು ಇನಿಷಿಯಲ್ಲು ಮಾತ್ರ. ಮದುವೆ, ತಿಥಿ ಎಂದು ಬೀದಿಯೆಲ್ಲ ಸುತ್ತಿ ಬಂದ ನಮ್ಮ ಪಾತ್ರೆಗಳು ಆ ಎರಡು ಅಕ್ಷರಗಳ ದೆಸೆಯಿಂದ ಮನೆಗೆ ವಾಪಸಾಗುತ್ತಿದ್ದವು. ಒಮ್ಮೆ ನಮ್ಮ ಮನೆಗೆ ಬೇರೆ ಯಾರದೋ ಸೌಟು ಬಂದುಬಿಟ್ಟಿತ್ತು. ಆರ್. ಕೆ. ಎಂದಿತ್ತು. ಅಪ್ಪ ಆ ಸೌಟಿನಲ್ಲಿ ಬಡಿಸಿದ ಸಾರನ್ನು ಉಣ್ಣಲಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಪಂಡಿತರಾಗಿದ್ದು ನಿವೃತ್ತರಾದವರು. ಅವರ ಅರ್ಧ ಆಯಸ್ಸು ಹಳಗನ್ನಡಕ್ಕೆ ಹೋಗಿತ್ತು, ಉಳಿದರ್ಧ ಹುಡುಗರ ಇನಿಷಿಯಲ್ಲು ತಿದ್ದುವುದಕ್ಕೆ ಹೋಗಿತ್ತು. ಅಂಕಪಟ್ಟಿಯಲ್ಲಿ ಒಂದಕ್ಷರ ತಪ್ಪಾಗಿ ಅಚ್ಚಾಯಿತೆಂದರೆ ಆ ಹುಡುಗ ಕಚೇರಿಯಿಂದ ಕಚೇರಿಗೆ ಅಲೆದು ಚಪ್ಪಲಿ ಸವೆಸುವುದನ್ನು ಅವರು ಕಣ್ಣಾರೆ ಕಂಡಿದ್ದರು. ಹಾಗಾಗಿ ಹೆಸರು ಬರೆದ ಯಾವ ಕಾಗದ ಕೈಗೆ ಬಂದರೂ ಅವರ ಕಣ್ಣು ಮೊದಲು ಇನಿಷಿಯಲ್ಲಿಗೆ ಹೋಗುತ್ತಿತ್ತು. ಬೇರೆಯವರ ಮದುವೆಯ ಲಗ್ನಪತ್ರಿಕೆಯನ್ನೂ ಕೆಂಪು ಪೆನ್ನು ಹಿಡಿದುಕೊಂಡೇ ಓದುತ್ತಿದ್ದರು.

ಮನೆಗೆ ಕಂಪ್ಯೂಟರು ಬಂದಾಗ ಅಪ್ಪ ಅದನ್ನು ಮೊದಲೆರಡು ದಿನ ದೂರದಿಂದ ನೋಡಿದರು. ಮೂರನೆಯ ದಿನ ಕುರ್ಚಿ ಎಳೆದುಕೊಂಡು ಕೂತರು. ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಒತ್ತುವುದು, ಫೈಲನ್ನು ತೆರೆಯುವುದು, ಹೆಸರು ಬದಲಾಯಿಸುವುದು, ಫ್ಲಾಪಿಗೆ ಹಾಕುವುದು, ಇಷ್ಟನ್ನು ಬಹಳ ಶ್ರದ್ಧೆಯಿಂದ ಕಲಿತರು. ಅವ್ವ ಮಾತ್ರ ಅದಕ್ಕೊಂದು ಕಸೂತಿ ಬಟ್ಟೆ ಹೊದಿಸುವ ಮಟ್ಟಿಗೆ ಸಂಬಂಧ ಇಟ್ಟುಕೊಂಡಿದ್ದಳು. ನಾನು ನಸ್ರೀನಳ ಶಿಷ್ಯೆಯಾದ್ದರಿಂದ, ಬಂದ ದಿನವೇ ನಮ್ಮ ಕಂಪ್ಯೂಟರಿನ ಬಾಲಗಳನ್ನೆಲ್ಲ ಬಿಚ್ಚಿಟ್ಟಿದ್ದೆ.

ಆ ವರ್ಷ ನನಗೆ ಗಂಡು ಹುಡುಕುತ್ತಿದ್ದರು. ಈ ಕೆಲಸದ ಮುಂದಾಳು ಅವ್ವನ ತಮ್ಮ, ಬೇಗೂರಿನ ಸೋದರಮಾವ. ಅವನ ಜೇಬಿನಲ್ಲಿ ಸದಾ ಯಾರದಾದರೂ ಫೋಟೋ ಇರುತ್ತಿತ್ತು. ತಂದು ತೋರಿಸಿದ ಗಂಡುಗಳೆಲ್ಲ ಸ್ಟುಡಿಯೋದಲ್ಲಿ ಬಾಡಿಗೆಯ ಕೋಟು ತೊಟ್ಟು, ಗಲ್ಲದ ಕೆಳಗೆ ಕೈಯಿಟ್ಟುಕೊಂಡು, ದೇಶದ ಚಿಂತೆಯೆಲ್ಲ ತಮ್ಮದೇ ಎಂಬಂತೆ ಕೂತಿರುತ್ತಿದ್ದರು. ನಾನು ನೋಡುವುದು, ತಿರುಗಿಸಿ ಕೊಡುವುದು. ಅವ್ವ ನಿಟ್ಟುಸಿರು ಬಿಡುವುದು.

ಒಂದು ಸಂಜೆ ಮಾವ ಚಾಮರಾಜನಗರದ ಗಂಡಿನ ಫೋಟೋ ತಂದ. ಹರದನಹಳ್ಳಿ ಕಡೆಯವರು, ಈಗ ಟೌನಿನಲ್ಲಿ ಮನೆ, ಹುಡುಗ ರೇಷ್ಮೆ ಇಲಾಖೆಯಲ್ಲಿ ಕೆಲಸ, ಹೆಸರು ಮತ್ತೆ ಮಹದೇವಸ್ವಾಮಿ. ಫೋಟೋದಲ್ಲಿ ಅವನು ಕಚೇರಿಯ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದ. ಅಂಗಿಯ ಗುಂಡಿಗಳನ್ನು ಒಂದೊಂದು ಮನೆ ತಪ್ಪಿಸಿ ಹಾಕಿಕೊಂಡಿದ್ದ. ಒಂದು ಕಡೆಯ ಕಾಲರು ಮೇಲೆ, ಇನ್ನೊಂದು ಕಡೆಯದು ಕೆಳಗೆ. ಅದು ಅವನಿಗೇ ಗೊತ್ತಿಲ್ಲ. ಯಾರೋ ಏನೋ ಹೇಳಿದ್ದಕ್ಕೆ ಬಾಯಿ ತುಂಬ ನಗುತ್ತಿದ್ದಾನೆ. ಆ ತಪ್ಪು ಗುಂಡಿಯನ್ನು ಬಿಚ್ಚಿ ಸರಿಯಾಗಿ ಹಾಕಬೇಕೆಂದು ನನ್ನ ಬೆರಳಿಗೆ ಅನ್ನಿಸಿತು. ಆ ಆಸೆ ಹುಟ್ಟಿದ್ದೇ ತಡ, ನನಗೆ ನನ್ನ ಮೇಲೇ ನಾಚಿಕೆಯಾಗಿ ಒಳಗೆ ಹೋಗಿ ನೀರು ಕುಡಿದೆ. ಫೋಟೋ ಮಾತ್ರ ತಿರುಗಿಸಿ ಕೊಡಲಿಲ್ಲ. ಮದುವೆಯಾದರೆ ಇವನನ್ನೇ ಎಂದು ಮನಸ್ಸು ಕೂತುಬಿಟ್ಟಿತು. ಅವ್ವನಿಗೆ ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಗಂಡಿನ ಮನೆಯಲ್ಲಿ ಹೊಸದಾಗಿ ಕಂಪ್ಯೂಟರು ತಂದಿದ್ದರು. ಹುಡುಗಿಯ ಫೋಟೋ ಫ್ಲಾಪಿಯಲ್ಲಿದ್ದರೆ ಕೊಡಿ, ದೊಡ್ಡದಾಗಿ ನೋಡಬಹುದು ಎಂದು ಹುಡುಗನೇ ಹೇಳಿ ಕಳಿಸಿದ್ದನಂತೆ. ನಮಗೂ ಅದೇ ಅನುಕೂಲವಾಗಿತ್ತು. ನನ್ನ ಫೋಟೋದ ಪ್ರತಿಗಳು ಯಾವ ಯಾವ ನೆಂಟರ ಮನೆಗೋ ಹೋದವು ಹಿಂದಿರುಗಿರಲಿಲ್ಲ. ಕೊನೆಯದನ್ನು ಕಳಿಸುವ ಮೊದಲು ನಸ್ರೀನಳ ಹತ್ತಿರ ಸ್ಕ್ಯಾನ್ ಮಾಡಿಸಿ ಇಟ್ಟುಕೊಂಡಿದ್ದೆ. ಮೊದಲು ಅದು ಬಿ.ಎಂ.ಪಿ. ಆಗಿ ಫ್ಲಾಪಿಗೆ ಹಿಡಿಯಲಿಲ್ಲ. ಅವಳು ಜೆ.ಪಿ.ಜಿ. ಮಾಡಿಕೊಟ್ಟಳು. ಗಿರಿಜಾ, ಚುಕ್ಕಿ, ಜೆ.ಪಿ.ಜಿ. ಮಾವ ಶನಿವಾರ ನಾನು ಶಾಲೆಯಲ್ಲಿರುವ ಹೊತ್ತಿಗೆ ಬರುವವನಿದ್ದ. ಅದಕ್ಕೆ ಅಪ್ಪನಿಗೆ ಫೈಲನ್ನು ತೋರಿಸಿ, ಫ್ಲಾಪಿಗೆ ಹಾಕಿ ಕೊಟ್ಟುಬಿಡಿ ಎಂದು ಹೇಳಿ ಹೋದೆ. ಸಂಜೆ ಬಂದು ಕೇಳಿದರೆ ಎಲ್ಲ ಸುಸೂತ್ರವಾಗಿತ್ತು. ಅವ್ವ ಶುಭಕಾರ್ಯವೆಂದು ಫ್ಲಾಪಿಯ ನಾಲ್ಕು ಮೂಲೆಗೂ ಅರಿಸಿನ ಕುಂಕುಮ ಹಚ್ಚಲು ಹೋಗಿದ್ದಳಂತೆ, ಅಪ್ಪ ತಡೆದು, ಮೇಲೆ ಅಂಟಿಸಿದ ಚೀಟಿಗೆ ಮಾತ್ರ ಒಂದು ಬೊಟ್ಟಿಡಲು ಅನುಮತಿ ಕೊಟ್ಟರಂತೆ. ಅಪ್ಪ ಎಷ್ಟು ಮುಂದುವರಿದಿದ್ದಾರೆ ಎಂದು ನನಗೆ ಹೆಮ್ಮೆಯಾಯಿತು.

ಭಾನುವಾರ ಮಧ್ಯಾಹ್ನ ಮಾವ ಚಾಮರಾಜನಗರದ ಬಸ್ಸಿಳಿದು ನೇರ ನಮ್ಮ ಮನೆಗೇ ಬಂದ. ಮುಖ ನೋಡಿದರೇ ಗೊತ್ತಾಯಿತು. ಅವ್ವ ಕೊಟ್ಟ ಮಜ್ಜಿಗೆಯನ್ನು ಕೆಳಗಿಟ್ಟು, “ಫೋಟೋನೇ ಬರ್ನಿಲ್ಲ ಕಣಕ್ಕ. ಪರದೆ ತುಂಬ ಬರೀ ಕಾಗೆ ಕಾಲು ಗುಬ್ಬಿ ಕಾಲು ಬತ್ತು” ಎಂದ. ಹುಡುಗ ಏನೇನೋ ಒತ್ತಿ ನೋಡಿದನಂತೆ. ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರೇ ತಿರುಗಿ ಅವನನ್ನು ಕೇಳಿತಂತೆ. ಅದರಲ್ಲಿ ತೆರೆದರೂ ಅಷ್ಟೆ, ಇದರಲ್ಲಿ ತೆರೆದರೂ ಅಷ್ಟೆ. ಹುಡುಗಿಯ ಮುಖ ನೋಡಲು ಕೂತರೆ ಚಿತ್ತುಕಾಟು ಬಂದಿದ್ದು ಹುಡುಗನ ತಂದೆಗೆ ಅಪಶಕುನವಾಗಿ ಕಂಡಿತು. ನಂಜನಗೂಡಿನ ಕಡೆಯ ಹೆಣ್ಣೊಂದು ಮೊದಲೇ ಅವರ ಮನಸ್ಸಿನಲ್ಲಿತ್ತು. ನಾಳೆ ಬೆಳಿಗ್ಗೆಯೇ ಅಲ್ಲಿಗೆ ಹೊರಡುವುದು ಎಂದು ಹೇಳಿಬಿಟ್ಟರಂತೆ.

ನಾನು ನೇರ ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಫೋಲ್ಡರು ತೆರೆದೆ. ಅಲ್ಲಿ ನನ್ನ ಹೆಸರಿತ್ತು. ಬಣ್ಣದ ಪಟದ ಗುರುತು ಇರಬೇಕಾದಲ್ಲಿ ಖಾಲಿ ಬಿಳಿ ಹಾಳೆಯ ಗುರುತಿತ್ತು. ಪಕ್ಕದಲ್ಲಿ ಗಿರಿಜಾ, ಚುಕ್ಕಿ, ಎಚ್, ಚುಕ್ಕಿ, ಎಸ್.

ಅಪ್ಪ ಬೆನ್ನ ಹಿಂದೆಯೇ ನಿಂತಿದ್ದರು. ಬಹಳ ಶಾಂತವಾಗಿ ಹೇಳಿದರು. “ನಿನ್ನ ಹೆಸರಿಗೆ ಯಾರದೋ ಇನಿಷಿಯಲ್ ಅಂಟಿಕೊಂಡಿತ್ತಮ್ಮ. ಜೆ ಎಂದರೆ ನಮ್ಮ ಊರಲ್ಲ. ಜಿ ಎಂದರೆ ನಾನಲ್ಲ. ಗಂಡಿನ ಮನೆಯವರು ಏನೆಂದುಕೊಂಡಾರು? ತಿದ್ದಿ ಕಳಿಸಿದೆ.”

ಬದಲಾಯಿಸುವಾಗ ಕಂಪ್ಯೂಟರು ಏನೂ ಕೇಳಲಿಲ್ಲವೇ ಎಂದೆ. ಕೇಳಿತು, ಬದಲಾಯಿಸಿದರೆ ಫೈಲು ಉಪಯೋಗಕ್ಕೆ ಬಾರದೆ ಹೋಗಬಹುದು, ನಿಶ್ಚಯವೇ ಎಂದು ಕೇಳಿತು ಎಂದರು. ತಮ್ಮ ಊರು ಯಾವುದು, ತಮ್ಮ ಹೆಸರೇನು ಎಂಬ ಬಗ್ಗೆ ಅಪ್ಪನಿಗೆ ಯಾವ ಸಂಶಯವೂ ಇರಲಿಲ್ಲ. ಹಾಗಾಗಿ ಹೌದು ಎಂದು ಒತ್ತಿದ್ದರು. ಕಂಪ್ಯೂಟರಿನ ಆ ಪ್ರಶ್ನೆಗೆ ಇಷ್ಟು ದೃಢವಾಗಿ ಉತ್ತರ ಕೊಟ್ಟ ಮನುಷ್ಯ ಇನ್ನೊಬ್ಬ ಇರಲಾರ.

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದೆ. ವಿಚಿತ್ರ ನೋಡಿ, ನಾನು ಬಾಲ ಬಿಚ್ಚಿಡದೆ ಸುಮ್ಮನಿದ್ದಿದ್ದರೆ ಅಪ್ಪನಿಗೆ ಆ ಜೆ.ಪಿ.ಜಿ. ಕಾಣುತ್ತಲೇ ಇರಲಿಲ್ಲ. ಅವರು ಎಷ್ಟು ಇನಿಷಿಯಲ್ಲು ಸೇರಿಸಿದ್ದರೂ ಒಳಗಿನ ಬಾಲ ಭದ್ರವಾಗಿರುತ್ತಿತ್ತು, ಫೋಟೋ ತೆರೆದುಕೊಳ್ಳುತ್ತಿತ್ತು. ಅದು ಇನಿಷಿಯಲ್ಲಲ್ಲ, ಪಟದ ಜಾತಿ ಹೇಳುವ ಗುರುತು ಎಂದು ಅಪ್ಪನಿಗೆ ವಿವರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಮುಖ ಸಣ್ಣಗಾದದ್ದನ್ನು ನೋಡಿ ನನಗೆ ಮದುವೆ ಮರೆತು ಅಯ್ಯೋ ಎನ್ನಿಸಿತು. ಅವ್ವ ಮಾತ್ರ ಬಿಡಲಿಲ್ಲ. “ಇಷ್ಟ್ ದಿನ ಇಸ್ಕೂಲ್ ಮಕ್ಳೆಸ್ರು ತಿದ್ದಿದ್ದು ಸಾಲ್ದು ಅಂತ ಈಗ ಕಂಪ್ಯೂಟ್ರೆಸ್ರೂ ತಿದ್ಬುಟ್ರಾ?” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅವಳು ನಕ್ಕಿದ್ದರಿಂದ ಮನೆಗೆ ಮತ್ತೆ ಉಸಿರು ಬಂತು.

ಇನ್ನೊಂದು ಫ್ಲಾಪಿ ಮಾಡಿ ಕಳಿಸೋಣವೆಂದರೆ ಮನೆಯಲ್ಲಿ ಇದ್ದದ್ದು ಅದೊಂದೇ, ಅದೂ ಗಂಡಿನ ಮನೆಯಲ್ಲೇ ಉಳಿದಿತ್ತು. ಭಾನುವಾರ ನಸ್ರೀನಳ ಕ್ಲಾಸೂ ಇಲ್ಲ, ಮನೆಮಂದಿಯೆಲ್ಲ ಮದುವೆಗೆಂದು ಹೊರಗೆ ಹೋಗಿದ್ದರು. ಉಳಿದದ್ದು ಫೋನು. ಹುಡುಗನಿಗೆ ಫೋನಿನಲ್ಲೇ ಹೇಳಿದರೆ ಅವನೇ ಬಾಲ ಸರಿಮಾಡಿಕೊಂಡು ನೋಡಬಹುದು. ಆದರೆ ಹೇಳುವವರು ಯಾರು? ಮಾವನಿಗೆ ಎರಡು ಸಲ ಹೇಳಿಕೊಟ್ಟೆ. ಜೆ.ಪಿ.ಜಿ. ಅವನ ಬಾಯಲ್ಲಿ ಮೊದಲು ಜಿ.ಪಿ.ಜೆ. ಆಯಿತು, ಆಮೇಲೆ ಜೀಪಾಯಿತು. ಅಪ್ಪ, ನನ್ನ ಮಗಳ ಇನಿಷಿಯಲ್ಲು ಜೆ.ಪಿ.ಜಿ. ಎಂದು ನಾನು ನನ್ನ ಬಾಯಾರೆ ಹೇಳಲಾರೆ, ಕ್ಷಮಿಸು ಎಂದುಬಿಟ್ಟರು. ಹೆಣ್ಣು ತಾನಾಗಿ ಗಂಡಿನ ಮನೆಗೆ ಫೋನು ಮಾಡುವುದು ನಮ್ಮ ಬೀದಿಯಲ್ಲಿ ಆವರೆಗೆ ನಡೆದಿರಲಿಲ್ಲ. ನಾನು ಅವ್ವನ ಮುಖ ನೋಡಿದೆ.

“ಮಾಡು ಕಣಮ್ಮಿ, ಯಾರ್ ಏನಂದ್ರೂ ನಾನಿವ್ನಿ” ಎಂದಳು ಅವ್ವ.

ಮಾವ ನಂಬರು ತಿರುಗಿಸಿ, ಹುಡುಗ ಬರುವವರೆಗೆ ಕಾದು, ಒಬ್ಬರು ಮಾತಾಡ್ತಾರೆ ಇರಪ್ಪ ಎಂದು ಹೇಳಿ ಫೋನನ್ನು ನನ್ನ ಕೈಗಿಟ್ಟ. ಆ ಕಡೆಯಿಂದ ಹಲೋ ಎಂದಿತು. ನಾನು ಗಿರಿಜಾ ಎಂದೆ. ಯಾವ ಗಿರಿಜಾ ಎಂದಿತು. ಏನು ಹೇಳಬೇಕೋ ತೋಚದೆ, ನಿಮ್ಮ ಕಂಪ್ಯೂಟರಿನಲ್ಲಿ ಬರದೇ ಇರೋ ಗಿರಿಜಾ ಎಂದುಬಿಟ್ಟೆ. ಆ ಕಡೆಯಿಂದ ನಗು. ಫೋಟೋದಲ್ಲಿ ನೋಡಿದ್ದ ನಗುವಿಗೆ ಈಗ ಸದ್ದು ಬಂದಿತ್ತು.

ಕಂಪ್ಯೂಟರು ಹಾಕಬಹುದಾ ಎಂದು ಕೇಳಿದೆ. “ಬೆಳಗ್ಗಿಂದ ಆರ್ಸೇ ಇಲ್ಲ ಕಣ್ರಿ. ಆ ಕಾಗೆ ಕಾಲ್ ಮುಂದೇನೇ ಕೂತಿದ್ದೀನಿ” ಎಂದ. ನನಗೆ ಎಷ್ಟು ಸಂತೋಷವಾಯಿತೆಂದರೆ, ಹೇಳಬೇಕಾದ ಮಾತೇ ಮರೆತುಹೋಯಿತು. ಮಾವ ಭುಜ ತಿವಿದ ಮೇಲೆ ನೆನಪಾಯಿತು. ಫೈಲಿನ ಹೆಸರಿನಲ್ಲಿ ಗಿರಿಜಾ ಆದಮೇಲೆ ಇರುವ ಎಚ್. ಎಸ್. ಅಳಿಸಿ ಎಂದೆ. ಅದು ನಿಮ್ಮ ಇನಿಷಿಯಲ್ಲಲ್ವಾ, ಅಳಿಸಲಾ ಎಂದು ಅನುಮಾನಿಸಿದ. ನನ್ನದೇ, ಆದರೆ ಫೋಟೋದ್ದಲ್ಲ, ಫೋಟೋದ ಇನಿಷಿಯಲ್ಲು ಜೆ.ಪಿ.ಜಿ. ಎಂದೆ. ಆರಾಮ ಕುರ್ಚಿಯಲ್ಲಿ ಕೂತಿದ್ದ ಅಪ್ಪ ಕೆಮ್ಮಿದರು.

ಅವನು ಒಂದೊಂದೇ ಅಕ್ಷರ ಒತ್ತುವುದು ನನಗೆ ಕೇಳುತ್ತಿತ್ತು. ಆಮೇಲೆ ನಿಂತ. “ಬದಲಾಯ್ಸಿದ್ರೆ ಫೈಲು ಕೆಡಬಹುದು ಅಂತಿದೆ. ನಿಶ್ಚಯಾನಾ ಅಂತ ಕೇಳ್ತಾ ಇದೆ. ಏನನ್ಲಿ?”

“ನಿಶ್ಚಯ ಅನ್ನಿ” ಎಂದೆ.

ಮದುವೆ ಗೊತ್ತುಮಾಡುವುದಕ್ಕೂ ನಮ್ಮಲ್ಲಿ ಅದೇ ಮಾತು ಎಂಬುದು ಬಾಯಿಂದ ಹೊರಬಿದ್ದ ಮೇಲೆ ಹೊಳೆದು, ನನ್ನ ಕಿವಿ ಬಿಸಿಯಾಯಿತು. ಅವನಿಗೂ ಹೊಳೆದಿರಬೇಕು, ಗಂಟಲು ಸರಿಮಾಡಿಕೊಂಡ. ಅವ್ವ ನನ್ನ ಪಕ್ಕದಲ್ಲೇ ಕಂಬಕ್ಕೆ ಒರಗಿ ನಿಂತು, ಫೋನಿನ ತಂತಿಯನ್ನು ಸೆರಗಿನಂತೆ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

ಫ್ಲಾಪಿ ಓದುವ ಸದ್ದು ಕರ್ ಕರ್ ಎಂದು ಫೋನಿನಲ್ಲೇ ಕೇಳಿಸಿತು. ಆಗಿನ ಕಂಪ್ಯೂಟರುಗಳು ಪಟವನ್ನು ಒಮ್ಮೆಲೇ ತೋರಿಸುತ್ತಿರಲಿಲ್ಲ. ಮೇಲಿನಿಂದ ಕೆಳಕ್ಕೆ ಪಟ್ಟಿ ಪಟ್ಟಿಯಾಗಿ, ಅಂಗಡಿಯವನು ಸೀರೆ ಬಿಚ್ಚಿದಂತೆ ನಿಧಾನವಾಗಿ ಬಿಡಿಸುತ್ತಿದ್ದವು. ಅವನು ಬಂದಿದ್ದನ್ನು ಬಂದ ಹಾಗೆ ಹೇಳುತ್ತ ಹೋದ. ನೀಲಿ ಪರದೆ ಬಂತು. ಕೂದಲು ಬಂತು. ಮಲ್ಲಿಗೆ ಬಂತು. ಬೈತಲೆ ಬಂತು. ಹಣೆ ಬಂತು, ಬೊಟ್ಟು ಬಂತು. ನಾನು ಕಣ್ಣು ಮುಚ್ಚಿಕೊಂಡು ನಿಂತಿದ್ದೆ. ನನ್ನ ಮುಖ ಹೀಗೆ ಇಂಚಿಂಚಾಗಿ ಇನ್ನೊಬ್ಬರ ಬಾಯಲ್ಲಿ ಕಟ್ಟಿಕೊಳ್ಳುವುದನ್ನು ನಾನು ಎಂದೂ ಕೇಳಿರಲಿಲ್ಲ. ಹುಬ್ಬು ಬಂತು ಎಂದ. ಆಮೇಲೆ ಮಾತು ನಿಂತಿತು.

ಫ್ಲಾಪಿಯ ಸದ್ದು ಮಾತ್ರ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಹುಬ್ಬಾದ ಮೇಲೆ ಕಣ್ಣು, ಕಣ್ಣಾದ ಮೇಲೆ ಮೂಗು. ಮೂಗು ನಮ್ಮ ಅಪ್ಪನ ಕಡೆಯದು, ಸಣ್ಣದೇನಲ್ಲ. ಅದನ್ನು ನೋಡಿಯೇ ಸುಮ್ಮನಾದನೋ ಏನೋ ಎಂದುಕೊಂಡು, ಮುಂದಕ್ಕೆ ಬರ್ತಾ ಇಲ್ವಾ ಎಂದು ಕೇಳಿದೆ.

“ಇಲ್ಲ, ಕಣ್ಣು ಬಂದು ಅಲ್ಲಿಗೇ ನಿಂತ್ಬುಡ್ತು” ಎಂದ. ಆಮೇಲೆ ದನಿ ತಗ್ಗಿಸಿ, “ಬರ್ದಿದ್ರೂ ಪರ್ವಾಗಿಲ್ಲ, ಇಷ್ಟು ಸಾಕು. ನಾಳೆ ನಾವು ನಂಜನಗೂಡಿಗೆ ಓಗಲ್ಲ. ಗುಂಡ್ಲುಪೇಟೆಗೆ ಬತ್ತೀವಿ” ಎಂದ.

ಫೋನನ್ನು ಹೇಗೆ ಇಟ್ಟೆನೋ ನೆನಪಿಲ್ಲ. ತಿರುಗಿ ನೋಡಿದರೆ ಅವ್ವ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ಕಣ್ಣೊರೆಸಿಕೊಂಡು, ಮಾವನನ್ನು ಬೆಲ್ಲ ತರಲು ಅಂಗಡಿಗೆ ಓಡಿಸಿದಳು. ಅಪ್ಪ ಕುರ್ಚಿಯಿಂದ ಅರ್ಧ ಎದ್ದು, ಅಳುಕುತ್ತಲೇ ಕೇಳಿದರು. “ಫೋಟೋ ಪೂರ್ತಿ ಬಂತಂತೇನಮ್ಮ?”

“ಇಲ್ಲಪ್ಪ, ಕಣ್ಣಿನ ತನಕ ಬಂತು” ಎಂದೆ. “ಅಷ್ಟು ಸಾಕಂತೆ.”